ಒಂದು ಮುದ್ದೆ ಹೆಚ್ಚಿಗೆ

ಕೊರೊನಾ ಕಳೆದ ಮರುವರ್ಷ ನಮ್ಮ ಯಜಮಾನರು ಉತ್ತರದ ಗಡಿಯಲ್ಲಿ, ಸೇನೆಯ ಸರಬರಾಜು ವಿಭಾಗದ ಒಂದು ಡಿಪೋದಲ್ಲಿ ಹವಾಲ್ದಾರರಾಗಿದ್ದರು. ಅವರ ತಮ್ಮ ಮುನಿರಾಜು, ಇನ್ನೂ ಮದುವೆಯಾಗದವನು, ಅದೇ ಡಿಪೋದಿಂದ ಬೆಟ್ಟದ ಮೇಲಿನ ಕಾವಲು ಪೋಸ್ಟ್‌ಗಳಿಗೆ ಲಾರಿ ಓಡಿಸುತ್ತಿದ್ದ. ಅಣ್ಣ ತುಂಬಿಸುವುದು, ತಮ್ಮ ಸಾಗಿಸುವುದು. ನಾನು ಟೇಕಲ್‌ನಲ್ಲಿ ಅತ್ತೆಯವರ ಜೊತೆ ಮನೆ ನೋಡಿಕೊಂಡಿದ್ದೆ. ಈ ಅನುಭವ ಬರೆಯಬೇಕಾದವರು ಯಜಮಾನರೇ. ಅವರು ಬರೆಯುವವರಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಇಬ್ಬರೂ ಒಟ್ಟಿಗೆ ರಜೆಗೆ ಬಂದರೆ ಅತ್ತೆ ಛೇಡಿಸುತ್ತಿದ್ದರು. "ಏನ್ಲಾ ಮುನಿರಾಜು, ಮಿಲಿಟ್ರಿಗೆ ಸೇರಿ ಗನ್ ಹಿಡೀತೀರಾ ಅಂದ್ಕೊಂಡ್ರೆ ಇಬ್ರೂ ಬೇಳೆ ಹೊರ್ತೀರಲ್ಲೋ!"

"ನಾವು ಹೊರದಿದ್ರೆ ಗನ್ ಹಿಡಿದೋನು ಗನ್ನೇ ಕಚ್ಕೊಂಡು ತಿನ್ಬೇಕಮ್ಮಾ" ಎನ್ನುತ್ತಿದ್ದ ಅವನು.

ಅವರ ಕೆಲಸದ ಕ್ರಮ ಹೀಗೆ. ಸಾಮಾನು ಕೊನೆಯ ಸ್ಟೇಷನ್‌ವರೆಗೆ ರೈಲಿನಲ್ಲಿ, ಅಲ್ಲಿಂದ ಡಿಪೋಗೆ, ಡಿಪೋದಿಂದ ಮೇಲಕ್ಕೆ ಲಾರಿಯಲ್ಲಿ ಹೋಗುತ್ತದೆ. ರಸ್ತೆ ಮುಗಿದ ಮೇಲೆ ಹೇಸರಗತ್ತೆಯ ಬೆನ್ನಿನ ಮೇಲೆ. ಮಂಜು ಬಿದ್ದು ಕಣಿವೆಯ ದಾರಿ ಮುಚ್ಚಿತೆಂದರೆ ಬೇಸಿಗೆಯವರೆಗೆ ತೆರೆಯುವುದಿಲ್ಲ. ಹಾಗಾಗಿ ಇಡೀ ಚಳಿಗಾಲದ ಹಿಟ್ಟು, ಬೇಳೆ, ಔಷಧಿ, ಸೀಮೆಎಣ್ಣೆ ಎಲ್ಲವೂ ಅದಕ್ಕೆ ಮೊದಲೇ ಮೇಲೇರಬೇಕು. ಇದಕ್ಕೆ ವಿಂಟರ್ ಸ್ಟಾಕಿಂಗ್ ಅನ್ನುತ್ತಾರೆ. ಅಲ್ಲಿ ಕುಡಿಯುವ ನೀರೂ ಮಂಜು ಕರಗಿಸಿಯೇ ಆಗಬೇಕು, ಸೀಮೆಎಣ್ಣೆ ಇಲ್ಲದಿದ್ದರೆ ನೀರೂ ಇಲ್ಲ. ಇಷ್ಟರ ಮೇಲೆ ಯಾರೂ ಮುಟ್ಟದ ಹಾಗೆ ಒಂದಿಷ್ಟು ತೆಗೆದಿಡುವುದು ರಿಸರ್ವ್.

ಹಾಗಂದರೇನು ಎಂದು ನಾನು ಕೇಳಿದಾಗ ಯಜಮಾನರು ಅತ್ತೆಯ ಮುದ್ದೆ ತಟ್ಟೆ ತೋರಿಸಿದ್ದರು. ಅತ್ತೆ ಮನೆಯವರ ತಲೆ ಎಣಿಸಿ, ಅದರ ಮೇಲೊಂದು ಮುದ್ದೆ ಕಟ್ಟುವರು, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ. "ಇದೇ ಕಣೇ ರಿಸರ್ವ್" ಎಂದಿದ್ದರು.

ಆ ವರ್ಷ ದಾರಿ ಇನ್ನೇನು ಮುಚ್ಚುವುದರಲ್ಲಿತ್ತು. ಬೆಳಿಗ್ಗೆ ನಾನು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದೆ, ಯಜಮಾನರ ಫೋನ್ ಬಂತು.

"ಮುನಿರಾಜು ಹೋಗ್ಬಿಟ್ಟ ಕಣೇ."

ಸೀಮೆಎಣ್ಣೆ ತುಂಬಿದ್ದ ಅವನ ಲಾರಿ ತಿರುವಿನಲ್ಲಿ ಜಾರಿ ಕೆಳಗುರುಳಿತ್ತು. ಆಮೇಲೆ ಅವರೆಂದರು, "ನಾನು ಬರಾಕಾಗಲ್ಲ."

ದೇಹದ ಜೊತೆ ಹೋಗು ಎಂದು ಸಾಹೇಬರು ಹೇಳಿದ್ದರಂತೆ. ಆದರೆ ಇವರ ಜೊತೆಯವನು ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ್ದ. ಉರುಳಿಹೋದ ಲೋಡಿಗೆ ಬದಲಿ ಲೋಡ್ ತುಂಬಿಸಿ, ದಾರಿ ಮುಚ್ಚುವ ಮುನ್ನ ಹತ್ತಿಸಬೇಕಿತ್ತು.

"ಬೇರೆ ಯಾರೂ ಇಲ್ವಾ ಅಲ್ಲಿ?"

"ಇದ್ದಿದ್ರೆ ನಿಂಗೆ ಹೀಗೆ ಹೇಳ್ತಿದ್ನಾ? ಅಮ್ಮಂಗೆ ನೀನೇ ಹೇಳು."

ದೊಡ್ಡ ಮಗ ಬರುವುದಿಲ್ಲವೆಂದು ನಾನು ಹೇಳಿದ್ದನ್ನು ಅತ್ತೆ ನಂಬಿರಲಿಲ್ಲ. ಬಾವುಟ ಹೊದಿಸಿಕೊಂಡು ಮುನಿರಾಜು ಬಂದ. ಮುಖಕ್ಕೆ ಒಂದು ಗೀರೂ ಆಗಿರಲಿಲ್ಲ. ಅತ್ತೆ ಅವನ ಕೆನ್ನೆ ಸವರುವಷ್ಟನ್ನು ಚಿಕ್ಕತಿರುಪತಿ ಸ್ವಾಮಿ ಉಳಿಸಿಕೊಟ್ಟಿದ್ದ. "ಅವರಣ್ಣ ಎಲ್ಲಪ್ಪಾ?" ಎಂದು ಅತ್ತೆ ಜೊತೆಗೆ ಬಂದ ಸೈನಿಕರನ್ನು ಒಬ್ಬೊಬ್ಬರನ್ನೇ ಕೇಳಿದರು. ಅವರಿಗೆ ಕನ್ನಡ ಬಾರದು. "ದೊಡ್ಡೋನು ಬರ್ಲಿ, ತಡೀರಿ" ಎಂದು ಹಠ ಹಿಡಿದರು. ಸಂಜೆಯಾಗುತ್ತಾ ಬಂತು. ಕೊನೆಗೆ ದಾಯಾದಿ ಮನೆಯವನೊಬ್ಬ ಮಣ್ಣು ಹಾಕಿದ.

ಯಜಮಾನರು ಬಂದದ್ದು ತಿಥಿಯೂ ಮುಗಿದ ಮೇಲೆ, ಒಂದು ಮಧ್ಯಾಹ್ನ. ನಮ್ಮ ಊಟ ಆಗಿತ್ತು. ಅವರು ಕಾಲು ತೊಳೆದು ಬಂದು ಕೂತರು. ನಾನು ಮುದ್ದೆ ತಟ್ಟೆಯ ಮೇಲಿನ ಬಟ್ಟೆ ಸರಿಸಿದೆ. ಏನೂ ಇರಲಿಲ್ಲ. ಅತ್ತೆ ತಲೆ ಎಣಿಸಿ ಅಷ್ಟಕ್ಕೇ ನಿಲ್ಲಿಸಿದ್ದರು.

"ಈಗ್ಲೇ ಎಸರಿಡ್ತೀನಿ" ಎಂದು ಎದ್ದೆ.

"ಬೇಡ. ಬರ್ತಾನೆ ಅಂತ ಯಾರು ಕಾದಿದ್ರು ಇಲ್ಲಿ?" ಎಂದರು ಅತ್ತೆ.

ಯಜಮಾನರಿಗೆ ಅರ್ಥವಾಯಿತು. ಒಂದು ಚೊಂಬು ನೀರು ಕುಡಿದು, ತಮ್ಮನನ್ನು ಮಣ್ಣು ಮಾಡಿದ ಕಡೆ ಹೋದರು. ರಜೆ ಮುಗಿಯುವವರೆಗೂ ತಾಯಿ ಮಗನ ನಡುವೆ ಮಾತಿರಲಿಲ್ಲ.

ಮಾವಿನ ಕಾಲದಲ್ಲಿ, ಯಜಮಾನರು ಮತ್ತೆ ಡಿಪೋಗೆ ಹೋದ ಎಷ್ಟೋ ದಿನಗಳ ಮೇಲೆ, ಗೌನಿಪಲ್ಲಿಯ ರೆಡ್ಡೆಪ್ಪ ಎಂಬ ಸೈನಿಕ ಒಂದು ಬುಟ್ಟಿ ಹಣ್ಣು ಹೊತ್ತು ನಮ್ಮ ಬಾಗಿಲಿಗೆ ಬಂದ.

"ಎವರು ನಾಯ್ನಾ, ಯಾರಪ್ಪಾ ನೀನು?" ಎಂದರು ಅತ್ತೆ.

"ಮೇಲಿನ ಪೋಸ್ಟ್‌ನಲ್ಲಿದ್ದೆ ಅಮ್ಮಾ. ಡಿಪೋದಿಂದ ಹವಾಲ್ದಾರ್ ಅಣ್ಣ ಕಳಿಸಿದ ಕೊನೇ ಲಾರಿ ಸೀಮೆಎಣ್ಣೆ ನಮಗೇ ಬಂದಿದ್ದು."

ಅತ್ತೆ ಹಣ್ಣಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ಸಾಕಾಯ್ತಾ?"

"ಸಾಕಾಯ್ತಮ್ಮಾ. ದಾರಿ ತೆರೆದಾಗ ಡಬ್ಬದ ತಳ ಕಾಣ್ತಿತ್ತು."

"ಸಾಕಾಯ್ತಂತೆ ಕಣೇ" ಎಂದು ಅತ್ತೆ ನನ್ನ ಕಡೆ ತಿರುಗಿದರು. ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಮುಂದೆ ತಾವೇ ಕೂತರು. ರೆಡ್ಡೆಪ್ಪ ಉಂಡು ಹೋದ ಮೇಲೆ ನೋಡಿದರೆ ತಟ್ಟೆಯಲ್ಲಿ ಒಂದು ಮುದ್ದೆ ಉಳಿದಿತ್ತು.

"ದೊಡ್ಡೋನು ಯಾವಾಗ ಬರ್ತಾನೆ?"

"ದೀಪಾವಳಿಗೆ, ಅತ್ತೆ. ಫೋನ್ ಮಾಡಿ ಕೊಡ್ಲಾ?"

"ಫೋನಲ್ಲಿ ಏನ್ ಹೇಳೋದು. ಬರ್ಲಿ, ಬಡಿಸ್ತೀನಿ."

ಅತ್ತೆ ದೀಪಾವಳಿಯವರೆಗೆ ಇರಲಿಲ್ಲ. ಆದರೆ ಆ ಸಲ ಯಜಮಾನರು ಹೊತ್ತಿಗೆ ಸರಿಯಾಗಿ ಬಂದು ಹೆಗಲು ಕೊಟ್ಟರು. ಅಷ್ಟಾದರೂ ಆಯಿತು. ಅತ್ತೆ ಬಡಿಸುತ್ತೇನೆ ಅಂದಿದ್ದರು ಎಂದು ನಾನು ಹೇಳಿದಾಗ, ತಮ್ಮ ಹೋದಾಗಲೂ ನನ್ನೆದುರು ಅಳದವರು ಅಂಗಳದಲ್ಲಿ ನಿಂತು ಅತ್ತರು.

ದಾರಿ ತೆರೆದಿರುವಾಗಲೇ ಕಳಿಸಬೇಕಾದ್ದನ್ನು ಕಳಿಸಿಬಿಡಬೇಕು. ಅವರ ಕೆಲಸದಿಂದ ನಾನು ಕಲಿತದ್ದು ಇದು. ಮಾತನ್ನೂ ಅಷ್ಟೇ.

ಈಗ ಯಜಮಾನರು ನಿವೃತ್ತರು. ನಾನೂ ಒಂದು ಮುದ್ದೆ ಹೆಚ್ಚಿಗೆ ಕಟ್ಟುತ್ತೇನೆ. ಎಷ್ಟೋ ದಿನ ಯಾರೂ ಬರುವುದಿಲ್ಲ. ಮರುದಿನ ಬೆಳಿಗ್ಗೆ ಅವರು ಆ ತಂಗಳನ್ನೇ ಮಜ್ಜಿಗೆಗೆ ಕಿವುಚಿಕೊಂಡು ಕುಡಿಯುತ್ತಾರೆ. ಬಿಸಿಯಾಗಿ ಏನಾದರೂ ಮಾಡಿಕೊಡಲೇ ಎಂದರೆ, "ಬೇಡ ಕಣೇ, ಇದು ನಂದು" ಅನ್ನುತ್ತಾರೆ.