ತಿಮ್ಮರಾಯಪ್ಪನ ಕಲ್ಲುಕಟ್ಟೆ

ಅಲ್ಲ ದಿವ್ಯಾ, ನಿಮ್ಮ ತಿಮ್ಮರಾಯಪ್ಪ ತಾತ ಕೆಟ್ಟೋನಲ್ಲ ಕಣೆ. ಸ್ವಲ್ಪ ಪೆದ್ದ, ಅಷ್ಟೇ. ನನ್ನ ತಮ್ಮ ಅಂತ ಬಿಟ್ಕೊಡ್ತಿಲ್ಲ, ತಮ್ಮ ಅಲ್ದೇ ಇದ್ದಿದ್ರೆ ಇನ್ನೂ ಜಾಸ್ತಿ ಬೈತಿದ್ದೆ.

ಹೊಸಕೆರೆಹಳ್ಳಿ ಕಡೆ ನಮ್ಮಪ್ಪನ ಗದ್ದೆ ಇತ್ತಲ್ಲ, ಅದರ ಮೇಲ್ಗಡೆ ಹಳ್ಳಕ್ಕೆ ಅಡ್ಡ, ನೀರು ನಿಲ್ಲಿಸೋಕೆ ಅಂತ, ನಮ್ಮ ತಾತ ಒಂದು ಕಲ್ಲುಕಟ್ಟೆ ಕಟ್ಟಿಸಿದ್ದ. ಸರ್ಕಾರದ್ದಲ್ಲ, ನಮ್ಮದೇ. ಎರಡಾಳೆತ್ತರ. ಗಾರೆಗೀರೆ ಏನಿಲ್ಲ, ಕಲ್ಲಿನ ಮೇಲೆ ಕಲ್ಲು, ಹಿಂದೆ ಜೇಡಿಮಣ್ಣು. ಪಾಲಾದಾಗ ಕಟ್ಟೆ ಇವನಿಗೆ ಬಂತು. ನಂಗೆ ಒಂದು ಬೀರು ಬಂತು, ಅದರ ಬೀಗದಕೈ ಇವತ್ತಿಗೂ ಸಿಕ್ಕಿಲ್ಲ, ಹೋಗ್ಲಿ ಬಿಡು. ಇವನು ಗದ್ದೆ ಜಾಗದಲ್ಲಿ, ಕಟ್ಟೆ ಕಾಲಡಿಗೇ, ಸಾಲಾಗಿ ಐದು ಮನೆ ಎಬ್ಬಿಸ್ದ. ಮೊದಲನೇದ್ರಲ್ಲಿ ಅವನು, ಹೆಂಡ್ತಿ ಮುನಿಲಕ್ಷ್ಮಮ್ಮ. ಉಳಿದಿದ್ದು ಬಾಡಿಗೆಗೆ.

ಕಲ್ಲು ಸಂದೀಲಿ ನೀರು ಜಿನುಗ್ತಿತ್ತು, ಮೊದಲಿಂದ್ಲೂ ಹಂಗೇ. ಬಾಡಿಗೆಯೋರು ಪಾಚಿ, ಸೊಳ್ಳೆ ಅಂತ ಗೊಣಗಿದ್ರು. ಈ ಬೇಸಿಗೇಲಿ ಇವನು ಒಂದೊಂದು ಸಂದಿಗೂ ಸಿಮೆಂಟ್ ಮೆತ್ತಿ, ನೀಲಿ ಪೇಂಟ್ ಹೊಡೆಸಿ, ಮೇಲೆ ದೊಡ್ಡದಾಗಿ ‘ಟು ಲೆಟ್’ ಬರೆಸ್ದ. ಅದರ ಮುಂದೆ ಮದುವೆ ಗಂಡಿನ ಥರ ನಿಂತು ಫೋಟೋ ತೆಗೆಸಿ ಎಲ್ಲರಿಗೂ ಕಳಿಸ್ದ. ನಾನೂ ಸಖತ್ತಾಗೈತೆ ಅಂದೆ. ನಂಗೇನು ಗೊತ್ತು.

ಮಳೆ ಹಿಡೀತು. ಮುನಿಲಕ್ಷ್ಮಮ್ಮ ಬಟ್ಟೆ ಒಣಗಾಕೋ ಹಗ್ಗದ ಒಂದು ತುದಿ ಕಟ್ಟೆ ಕಲ್ಲಿನ ಕೊಂಡಿಗೆ, ಇನ್ನೊಂದು ಮನೆ ಕಂಬಕ್ಕೆ. ಹಗ್ಗ ಜೋತುಬಿದ್ದು ಸೀರೆಯೆಲ್ಲ ನೆಲ ಗುಡಿಸೋಕೆ ಶುರುವಾಯ್ತು. ಬಿಗಿಯಾಗಿ ಕಟ್ಟಿದ್ರೂ ವಾರಕ್ಕೆ ಮತ್ತೆ ಸಡಿಲ.

“ನಿನ್ನ ನೈಟಿ ಭಾರ ಕಣೆ,” ಅಂದ ಇವನು.

“ನೈಟಿ ಹಳೇದೇ. ಗೋಡೆ ಈ ಕಡೆ ಬರ್ತೈತೆ.”

“ಗೋಡೆಗೇನು ಕಾಲೈತಾ?”

ಅವಳು ಹಗ್ಗ ಬಿಚ್ಚಿ ಕಬ್ಬಿಣದ ತಂತಿ ಎಳೆದು ಕಟ್ಟಿದ್ಲು. ಹತ್ತು ದಿನಕ್ಕೆ ಅದೂ ಜೋತುಬಿತ್ತು. ತಂತಿ ಹಿಗ್ಗಲ್ಲ ಅಂತ ಇವನಿಗೂ ಗೊತ್ತು, ಊಟ ಬಿಟ್ಟು ಕೂತ್ಕೊಂಡ. ಆದ್ರೂ ಯಾರನ್ನೂ ಕರೆಸಿ ತೋರಿಸ್ಲಿಲ್ಲ. ಕಾರ್ಪೊರೇಷನ್ ಆಫೀಸಿನೋರು ಬಂದ್ರೆ ಹಳ್ಳದ ಪಕ್ಕ ಯಾಕಪ್ಪಾ ಮನೆ ಕಟ್ಟಿದೀಯ ಅಂತ ಐದಕ್ಕೂ ಜೆಸಿಬಿ ಹಚ್ತಾರೆ ಅನ್ನೋ ಭಯ.

ಅವಳು ಮನೆಮನೆಗೂ ಹೋಗಿ, ಗೋಡೆ ಬೀಳ್ತೈತೆ, ಹೊರಡಿ ಅಂದ್ಲು. ಇವನು ಹಿಂದೆನೇ ಹೋಗಿ, ಅವಳಿಗೆ ಬಿಪಿ, ಏನೂ ಇಲ್ಲ, ಕೂತ್ಕೊಳ್ಳಿ ಅಂದ. ಬಾಡಿಗೆಯೋರು ಯಾರ ಮಾತು ಕೇಳ್ಬೇಕು ಹೇಳು. ಕೊನೆಗೆ ಅವಳೇ ಆಫೀಸಿಗೆ ಫೋನ್ ಹಚ್ಚಿ, “ನಮ್ಮೆಜಮಾನ್ರು ಮಾತಾಡ್ತಾರೆ,” ಅಂತ ಅವನ ಕೈಗಿಟ್ಲು.

“ಸಾರ್, ನಮ್ಮ ಗೋಡೆ...” ಅಂದ. ಜೋತುಬಿದ್ದ ತಂತಿ ನೋಡ್ದ. “ಬರ್ತಾ ಐತೆ ಸಾರ್.”

ನೆನ್ನೆ ಬೆಳಗ್ಗೆ ರವಿಕಿರಣ್ ಅಂತ ಎಂಜಿನಿಯರ್ ಬಂದ. ಒಂದು ಕಡೆ ಸಿಮೆಂಟ್ ಕೆರೆದಿದ್ದೇ ತಡ, ನೀರು ಚಿಮ್ಮಿ ಅವನ ಷರಟೆಲ್ಲ ಒದ್ದೆ. “ಅಂಕಲ್, ಇಂಥ ಕಟ್ಟೆ ಬೆವರ್ತಾ ಇರ್ಬೇಕು. ನೀವು ಅದರ ಮೂಗು ಬಾಯೆಲ್ಲ ಮುಚ್ಚಿಬಿಟ್ಟಿದೀರ, ಒಳಗೆ ಕಟ್ಕೊಂಡ ನೀರು ಗೋಡೆ ತಳ್ತಾ ಇದೆ,” ಅಂದ. ಕಟ್ಟೆಯ ನೀರು ಬಿಡೋ ತೂಬು ಸ್ವಲ್ಪಸ್ವಲ್ಪವಾಗಿ ತೆಗೆಸಿ ನೀರು ಇಳಿಸ್ತಾ ಇದ್ದಾರೆ. ಪೂರ್ತಿ ಇಳಿಯೋಕೆ ನಾಲ್ಕು ದಿನ ಬೇಕಂತೆ, ಅಲ್ಲೀತನಕ ಅಲ್ಲಿ ಒಂದು ನರಪಿಳ್ಳೆ ಇರಬಾರದಂತೆ.

“ಮನೆಗಳು ಉಳೀತಾವಾ ಸಾರ್?” ಅಂತ ಕೇಳ್ದ ಇವನು.

“ಗೊತ್ತಿಲ್ಲ ಅಂಕಲ್. ಮೊದಲು ಖಾಲಿ ಮಾಡ್ಸಿ.”

ಈಗ ತಿಮ್ಮರಾಯಪ್ಪ ನಮ್ಮನೆ ಹಾಲ್‌ನಲ್ಲಿ ಕೂತು ನಾಲ್ಕನೇ ಕಾಫಿ ಕುಡೀತಾ ಇದ್ದಾನೆ, ಸಕ್ಕರೆ ಕಮ್ಮಿ ಅಂತೆ. ಎಲ್ಲರೂ ಖಾಲಿ ಮಾಡಿದ್ರು. ಕೊನೇ ಮನೇಲಿ ಬಾಡಿಗೆಗಿರೋ ಮಹೇಶನ ಅತ್ತೆ ಮಾತ್ರ ಜಪ್ಪಯ್ಯ ಅಂದ್ರೂ ಎದ್ದಿಲ್ಲ. ಅರಿಶಿನ ಕುಂಕುಮ ಕೊಟ್ಟು ಕರೀದೆ ಆಯಮ್ಮ ಯಾರ ಮನೆ ಹೊಸಲೂ ತುಳಿಯಲ್ವಂತೆ. ಹೊರಗಡೆ ಮೋಡ ನೋಡು ಹೆಂಗೈತೆ. ದೇವರ ಮುಂದಿನ ಕುಂಕುಮದ ಬಟ್ಟಲು ತಗೊಂಡು ಆಟೋದಲ್ಲಿ ಹೋಗು ತಾಯಿ, ಒಂದು ಬೊಟ್ಟಿಟ್ಟು, ನಮ್ಮಜ್ಜಿ ಕರೀತಾವ್ರೆ ಬನ್ನಿ ಅಂತ ಹೇಳಿ ಕೂರಿಸ್ಕೊಂಡು ಬಾ.