ಉಡಿ ತುಂಬಿಸಿಕೊಂಡ ಗುರುನಾಥ ಕಾಕಾ

ಗುರುನಾಥ ಕಾಕಾಗೆ ಎರಡು ಧ್ವನಿಗಳಿದ್ದವು. ಮಾತಿನ ಧ್ವನಿ ಘಟ್ಟ ಹತ್ತುವ ಎಸ್.ಟಿ. ಬಸ್ಸಿನದು. ಅವರು ಮನೆಯಲ್ಲಿ ಕೂತು ಚಹಾ ಕೇಳಿದರೆ ಪಕ್ಕದ ಕ್ವಾರ್ಟರ್ಸಿನ ಹೆಂಗಸೂ ಸ್ಟೋವಿಗೆ ಪಂಪು ಹೊಡೆಯುತ್ತಾಳೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಹಾಡಿನ ಧ್ವನಿ ಮಾತ್ರ ಹೆಣ್ಣಿನದು. ತೆಳು, ಸ್ವಚ್ಛ, ಮೇಲಿನ ಷಡ್ಜದಲ್ಲಿ ಎಷ್ಟು ಹೊತ್ತು ನಿಂತರೂ ಕಾಲು ನಡುಗದಂಥದು. ಈ ಎರಡರ ನಡುವೆ, ಬಾಗಿಲಿಗೆ ತೋರಣ ಕಟ್ಟಿದ ಹಾಗೆ, ಒಂದು ದೊಡ್ಡ ಮೀಸೆ.

ಮೂಲತಃ ಗದಗಿನ ಕಡೆಯವರು. ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ತಗಡಿಗೆ ರಿವೆಟ್ ಹೊಡೆಯುವ ಕೆಲಸ. ದಿನವಿಡೀ ಆ ಸಪ್ಪಳದಲ್ಲಿ ನಿಂತು ಕಿವಿ ಸ್ವಲ್ಪ ಮಂದವಾಗಿತ್ತು. ಮಾತು ಅಷ್ಟು ಜೋರಾಗಿದ್ದದ್ದು ಅದಕ್ಕೇ. "ಕಿವಿ ಇಲ್ಲದ ಹೆಂಗ ಹಾಡ್ತೀರಿ ಕಾಕಾ?" ಎಂದು ಕೆಣಕಿದರೆ, "ಹಾಡು ಹಲ್ಲಿನಾಗ ಕೇಳಸ್ತದೋ, ಹುಚ್ಚಪ್ಯಾಲಿ" ಅನ್ನುತ್ತಿದ್ದರು.

ನಾನು ಬ್ಯಾಂಕಿನವರ ಮಗ. ಮೂರು ವರ್ಷಕ್ಕೆಂದು ನಾಸಿಕಕ್ಕೆ ವರ್ಗವಾಗಿ ಬಂದ ನಮ್ಮಪ್ಪ ಇಲ್ಲಿಯ ಹವೆಗೆ ಮರುಳಾಗಿ, ವಾಪಸು ಹೋಗುವ ಆರ್ಡರನ್ನು ಮುಂದೂಡಿಸುತ್ತಲೇ ಇದ್ದರು. ಹೆಸರಿಗೆ ಕಾಲೇಜು, ಕಸುಬಿಗೆ ಮಿಮಿಕ್ರಿ. ಬ್ಯಾಂಕಿನ ಮ್ಯಾನೇಜರು, ದಿಂಡೋರಿ ಬಸ್ಸಿನ ಕಂಡಕ್ಟರು, ಮ್ಯಾನೇಜರ ಮುಂದೆ ರಜೆ ಕೇಳುವ ನಮ್ಮಪ್ಪ, ಯಾರನ್ನೂ ಬಿಡುತ್ತಿರಲಿಲ್ಲ. ನನ್ನನ್ನೂ ಬಿಟ್ಟಿರಲಿಲ್ಲ: ಹುಡುಗಿಯ ಮುಂದೆ ನಿಂತು ಮರಾಠಿಯಲ್ಲಿ ಪ್ರೀತಿ ಹೇಳಲು ಹೋಗಿ ಬಸ್ಸಿನ ಟೈಮು ಕೇಳಿ ಬರುವ ಕನ್ನಡದ ಹುಡುಗ ನನ್ನ ಹೆಸರುವಾಸಿ ಐಟಂ ಆಗಿತ್ತು. ಹೀಗಾಗಿ ಓಝರ್ ಕಾಲನಿಯವರು ಕಟ್ಟಿದ ಆರ್ಕೆಸ್ಟ್ರಾದಲ್ಲಿ ಹಾಡು ಹಾಡಿನ ನಡುವೆ ಮೈಕು ಹಿಡಿದು ಜನರನ್ನು ನಗಿಸುವ ಕೆಲಸ ನನಗೆ ಬಂತು. ಆ ಆರ್ಕೆಸ್ಟ್ರಾದ ಜೀವ ಕಾಕಾ.

ಅವರದೊಂದು ಪದ್ಧತಿ ಇತ್ತು. ಪಲ್ಲವಿಯನ್ನು ಪರದೆಯ ಹಿಂದಿನಿಂದ ಹಾಡುತ್ತಿದ್ದರು. ಜನ ಯಾವುದೋ ಚೆಂದದ ಹುಡುಗಿ ಬರುತ್ತಾಳೆಂದು ಕತ್ತು ಉದ್ದ ಮಾಡಿ ಕೂತಿರುವಾಗ, ಚರಣಕ್ಕೆ ಮುಂಚಿನ ವಾದ್ಯದ ತುಂಡಿನಲ್ಲಿ ಮೀಸೆ ಸಮೇತ ಹೊರಗೆ ಬರುತ್ತಿದ್ದರು. ಸೀಟಿ, ಕೇಕೆ, ನಗು. ಅದೆಲ್ಲ ಇಳಿಯುವಷ್ಟರಲ್ಲಿ ಚರಣ ಶುರುವಾಗಿರುತ್ತಿತ್ತು, ಮತ್ತೆ ಯಾರೂ ನಗುತ್ತಿರಲಿಲ್ಲ. "ಮೊದಲು ಮೀಸಿ ನೋಡಿ ಮುಗಸಲಿ, ಆಮ್ಯಾಲೆ ಹಾಡು ಕೇಳ್ತಾರ" ಅನ್ನುವುದು ಅವರ ಲೆಕ್ಕ.

ಯಾವ ಹಾಡಿನ ಮೇಲೆ ಯಾವುದು ಎಂದು ಜೋಡಿಸುವವರೂ ಅವರೇ. ಮೊದಲು ಭಕ್ತಿಗೀತೆ, ಮುಂದಿನ ಸಾಲಿನ ಹಿರಿಯರಿಗೆ. ಆಮೇಲೆ ಗಜಲ್. "ಇದಕ್ಕ ಅರ್ಧ ಮಂದಿ ಚಹಾಕ್ಕ ಏಳ್ತಾರ, ಏಳಲಿ. ಚಹಾದಂವಗೂ ಹೊಟ್ಟಿ ಅದ." ಅವರೆಲ್ಲ ತಿರುಗಿ ಬರುವ ಹೊತ್ತಿಗೆ ಸರಿಯಾಗಿ ಲಾವಣಿ, ಅದರ ಬೆನ್ನಿಗೆ ಕವ್ವಾಲಿ, ಕಡೆಗೆ ಕಂಪೌಂಡಿನ ಮೇಲೆ ಕೂತ ಹುಡುಗರಿಗೆ ಡಿಸ್ಕೋ. ಒಮ್ಮೆ ದಿಂಡೋರಿಯಲ್ಲಿ ಆ ಹುಡುಗರು ಭಕ್ತಿಗೀತೆ ಮುಗಿಯಲೂ ಬಿಡದೆ "ಡಿಸ್ಕೋ, ಡಿಸ್ಕೋ" ಎಂದು ಗದ್ದಲವೆಬ್ಬಿಸಿದರು. ಕಾಕಾ ಡ್ರಮ್ಮಿನವನಿಗೆ ಸುಮ್ಮನಿರಲು ಸನ್ನೆ ಮಾಡಿ, ಅದೇ ಡಿಸ್ಕೋ ಹಾಡನ್ನು ಎತ್ತಿಕೊಂಡು, ಬೀಸುವ ಕಲ್ಲಿನ ಹಾಡಿನ ಹಾಗೆ ನಿಧಾನವಾಗಿ ಎಳೆದರು. ದ್ರಾಕ್ಷಿ ತೋಟದಿಂದ ಬಂದು ಮೂಲೆಯಲ್ಲಿ ಕೂತಿದ್ದ ಮುದುಕಿಯರು ತಲೆದೂಗತೊಡಗಿದರು, ಒಬ್ಬಾಕೆ ಮುಂದಿನ ಸಾಲು ತನಗೆ ಗೊತ್ತಿದ್ದ ಹಾಗೆ ದನಿಗೂಡಿಸಿದಳು. ಹುಡುಗರು ತಮ್ಮ ಹಾಡು ಅಜ್ಜಿಯರ ಪಾಲಾದದ್ದನ್ನು ಬಾಯಿ ತೆರೆದು ನೋಡುತ್ತ ಕೂತರು.

ನನಗೂ ಆ ಧ್ವನಿಯ ಮೇಲೆ ಆಸೆ ಇತ್ತು. "ಹೆಂಗಸರ ಧ್ವನಿ ಹೆಂಗ ತಗೀತೀರಿ, ನನಗೂ ಕಲಸ್ರಿ" ಎಂದು ಒಮ್ಮೆ ಗಂಟುಬಿದ್ದೆ.

"ತಗಿಯಾವ ನೀನು. ನಾ ಏನೂ ತಗಿಯೂದಿಲ್ಲ. ಹಾಡು ಬಂದಾಗ ನನಗ ಬರೂದ ಇದು."

"ಮತ್ತ ಮಾತಾಡೂ ಧ್ವನಿ?"

"ಅದು ಕಾರ್ಖಾನಿದು."

ಅವರ ಹೆಂಡತಿ ಶಾಂತಾ ಕಾಕು ಮೊದಮೊದಲು ಕಾರ್ಯಕ್ರಮಕ್ಕೆ ಬಂದು ಮುಂದೆಯೇ ಕೂರುತ್ತಿದ್ದರು. ಬರುವುದು ನಿಂತದ್ದು ಮಗಳು ವಿದ್ಯಾಗೆ ಗಂಡು ನೋಡಲು ತೊಡಗಿದ ಮೇಲೆ. ಬೆಳಗಾವಿಯ ಒಂದು ಮನೆಯವರು ಬಂದರು, ಉಪ್ಪಿಟ್ಟು ತಿಂದರು, ಹುಡುಗಿಯನ್ನು ಮೆಚ್ಚಿದರು, ಹೋದರು. ಆಮೇಲೆ ಮಧ್ಯಸ್ಥರ ಕೈಲಿ ಹೇಳಿಕಳಿಸಿದರು: ಹುಡುಗಿ ಛಲೋ ಇದ್ದಾಳ, ಆದರ ಅವರಪ್ಪ ಸ್ಟೇಜಿನ ಮ್ಯಾಲೆ ಹೆಂಗಸಿನಂಗ ಹಾಡಿ ಸೀಟಿ ಹೊಡಿಸಿಕೋತಾನಂತ, ನಾಳೆ ನಾವು ಮಂದಿಗೆ ಏನಂತ ಹೇಳೂದು. ಆ ದಿನ ನಾನು ಅವರ ಮನೆಯಲ್ಲೇ ಇದ್ದೆ. ಕಾಕು ಒಳಗಿನಿಂದ ಬಂದು ಕಾಕಾನ ಎದುರು ನಿಂತರು.

"ವಿದ್ಯಾನ ಕೊರಳಾಗ ತಾಳಿ ಬೀಳೂತನಾ ನಿಮ್ಮ ಕೊರಳು ಮುಚ್ಚಿರ್ಲಿ. ಕೈ ಮುಗೀತೀನಿ."

ವಿದ್ಯಾ ಏನಾದರೂ ಅಂದಾಳೆಂದು ಕಾಕಾ ಅವಳ ಕಡೆ ನೋಡಿದರು. ಅವಳು ಹೊಸ್ತಿಲ ಮೇಲೆ ಕೂತು ಕಾಲಿನ ಬೆರಳನ್ನೇ ನೋಡುತ್ತಿದ್ದಳು. "ಆತು ತಗೋ" ಅಂದರು ಕಾಕಾ. ಮರುವಾರದಿಂದ ಅವರು ಹಾರ್ಮೋನಿಯಂ ಹಿಡಿದು ಮೂಲೆಗೆ ಕೂತರು. ಹೆಂಗಸರ ಹಾಡಿಗೆ ಮನ್ಮಾಡಿನಿಂದ ಒಬ್ಬ ಹುಡುಗಿಯನ್ನು ಕರೆಸತೊಡಗಿದೆವು. ಕಾಕಾ ಅವಳಿಗೆ ಹಾಡು ತಿದ್ದುತ್ತಿದ್ದರು, ಬಾಯಿ ಬಿಡದೆ, ಬರೀ ಹಾರ್ಮೋನಿಯಂ ಒತ್ತಿ.

ಮುಂದಿನ ಸಂಬಂಧ ಔರಂಗಾಬಾದಿನಿಂದ ಬಂತು. ಆ ಊರನ್ನು ಸಂಭಾಜಿನಗರ ಎನ್ನಲು ಜನ ಆಗಲೇ ಶುರುಮಾಡಿದ್ದರು. ಹುಡುಗನ ತಂದೆ ವಸಂತರಾವ್ ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿದ್ದರು. ಮೂಲ ಕಲಬುರಗಿಯಾದರೂ ಎರಡು ತಲೆಮಾರಿನಿಂದ ಅಲ್ಲೇ ಇದ್ದು, ಮನೆಯಲ್ಲಿ ಕನ್ನಡ ಅಡಿಗೆಮನೆಯಷ್ಟಕ್ಕೆ ಉಳಿದಿತ್ತು. ಅವರ ಹೆಂಡತಿ ನಿರ್ಮಲಾಬಾಯಿ ಕನ್ನಡದಲ್ಲಿ ಶುರುಮಾಡಿದ ಮಾತು ಮರಾಠಿಯಲ್ಲಿ ಮುಗಿಸುತ್ತಿದ್ದರು. ಮಾತುಕತೆ ನಡೆದಿತ್ತು, ಇನ್ನೂ 'ಹೂಂ' ಅಂದಿರಲಿಲ್ಲ. ವಸಂತರಾವ್ ತಮ್ಮ ಕಾಲನಿಯ ಗಣೇಶ ಮಂಡಳಿಯ ಅಧ್ಯಕ್ಷರು. ಆಗಬಹುದಾದ ಬೀಗರು ಆರ್ಕೆಸ್ಟ್ರಾದಲ್ಲಿ ಹಾರ್ಮೋನಿಯಂ ನುಡಿಸುತ್ತಾರೆಂದು ಕೇಳಿ, ಅಭಿಮಾನಪಟ್ಟು, ಆ ವರ್ಷ ನಮ್ಮನ್ನೇ ಕರೆಸಿದರು. ಬರೀ ಹಾರ್ಮೋನಿಯಂ ಎಂದು ಕಾಕಾ ಮಾತು ಕೊಟ್ಟರೂ ಕಾಕುಗೆ ಧೈರ್ಯ ಸಾಲದೆ, ವಿದ್ಯಾಳನ್ನು ಕರೆದುಕೊಂಡು ತಾವೂ ನಮ್ಮ ಮೆಟಾಡೋರ್ ಹತ್ತಿದರು.

ಆರತಿ ಮುಗಿದು ಕಾರ್ಯಕ್ರಮ ಶುರುವಾಗುವ ಹೊತ್ತಾದರೂ ಹಾಡುವ ಹುಡುಗಿ ಬರಲಿಲ್ಲ. ಅವಳು ಹತ್ತಿದ್ದ ಮನ್ಮಾಡ್ ಗಾಡಿ ದಾರಿಯಲ್ಲೆಲ್ಲೋ ನಿಂತುಬಿಟ್ಟಿತ್ತು. ನಾವು ಒಂದರ ಮೇಲೊಂದು ಗಂಡಸರ ಹಾಡು ಹಾಕಿದೆವು. ನಾನು ನನ್ನ ಕಂಡಕ್ಟರನ್ನು ತಂದೆ, ಮ್ಯಾನೇಜರನ್ನು ತಂದೆ, ಅಪ್ಪನನ್ನೂ ತಂದೆ. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಏಳತೊಡಗಿದರು. ಹಿಂದಿನಿಂದ "ಬಾಯಿ ಕುಠೇ? ಬಾಯಿ ಆಣಾ" ಎಂದು ಕೂಗು ಬಂತು, ಹಾಡುವ ಹೆಂಗಸು ಎಲ್ಲಿ, ಕರೆತನ್ನಿ. ಮಂಡಳಿಯ ಹುಡುಗರು ವಸಂತರಾವ್ ಸುತ್ತ ನಿಂತು, ಎಂಥಾ ಆರ್ಕೆಸ್ಟ್ರಾ ತಂದಿರಿ ಅಧ್ಯಕ್ಷರೇ ಎಂದು ಅಣಕಿಸುತ್ತಿದ್ದರು. ಆ ಮನುಷ್ಯ ಟೊಪ್ಪಿಗೆ ತೆಗೆದು ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು.

ಕಾಕಾ ಹಾರ್ಮೋನಿಯಂ ಮುಚ್ಚಿದರು. ನನ್ನ ಪಕ್ಕ ಬಂದು ಮೈಕು ಇಸಿದುಕೊಂಡು, "ನಾ ಹೊರಗ ಬರೂದಿಲ್ಲ. ನೀ ಏನೂ ಚಾಷ್ಟಿ ಮಾಡಬ್ಯಾಡ. ಬಾಯಿ ಬಂದ್ಳು ಅಂತ ಇಷ್ಟ ಹೇಳು" ಅಂದು ಪರದೆಯ ಹಿಂದೆ ಹೋದರು.

ಮೊದಲ ಸ್ವರ ಬಂದಾಗ ನಾನು ಮುಂದಿನ ಸಾಲನ್ನೇ ನೋಡುತ್ತಿದ್ದೆ. ಕಾಕು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ವಿದ್ಯಾಳ ಕಿವಿ ಕೆಂಪಾಯಿತು. ಅವರಿಬ್ಬರ ನಡುವೆ ಕೂತಿದ್ದ ನಿರ್ಮಲಾಬಾಯಿ ಮಾತ್ರ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಎದ್ದಿದ್ದವರು ಕೂತರು. ಭಕ್ತಿ, ಲಾವಣಿ, ಕವ್ವಾಲಿ, ಡಿಸ್ಕೋ, ಕಾಕಾ ಎಲ್ಲವನ್ನೂ ಹಾಡಿದರು, ಬಹಳ ದಿನ ನೀರು ಕುಡಿಯದವರ ಹಾಗೆ. ಜನ ಇನ್ನೊಂದು ಬೇಕೆಂದರು. ಗೊತ್ತಿದ್ದ ಮರಾಠಿ ಹಿಂದಿ ಹಾಡುಗಳು ಮುಗಿದುವೋ ಏನೋ, ಕಡೆಗೆ ಒಂದು ಕನ್ನಡದ ತೊಟ್ಟಿಲ ಹಾಡು ಎತ್ತಿದರು. ಅದನ್ನು ನಾನೂ ಕೇಳಿರಲಿಲ್ಲ. ಆ ಪೆಂಡಾಲಿನಲ್ಲಿ ಹತ್ತು ಜನಕ್ಕೂ ಅರ್ಥವಾಗದ ಹಾಡು. ಕಂಪೌಂಡಿನ ಹುಡುಗರು ಕೂಡ ಉಸಿರೆತ್ತಲಿಲ್ಲ. ನಿರ್ಮಲಾಬಾಯಿ ಹಾಡಿನ ನಡುವೆಯೇ ಎದ್ದು ಹೊರಟುಹೋದರು.

ಹಾಡು ಮುಗಿದು ಚಪ್ಪಾಳೆ ಬೀಳುತ್ತಿರುವಾಗ ಅವರು ಸ್ಟೇಜಿನ ಪಕ್ಕದ ಮೆಟ್ಟಿಲಲ್ಲಿ ಕಂಡರು. ಕೈಯಲ್ಲಿ ತಾಟು, ತಾಟಿನಲ್ಲಿ ಕುಂಕುಮ, ಅಕ್ಕಿ, ತೆಂಗಿನಕಾಯಿ, ಒಂದು ಕುಪ್ಪಸದ ಖಣ.

"ಆ ಬಾಯಿ ಉಡಿ ತುಂಬತೀನಿ" ಅಂದರು.

"ಆಕಿ ಮಂದಿ ಮುಂದ ಬರೂದಿಲ್ರಿ. ಭಾಳ ಸಂಕೋಚದಾಕಿ" ಅಂದೆ.

"ನಾ ಏನ್ ಗಂಡಸೇನೋ? ಸರಿ ಅತ್ತಾಗ, ಸರಕ್ ತಿಕಡೆ."

ನನ್ನ ಬುದ್ಧಿವಂತಿಕೆ ಅಲ್ಲಿಗೆ ಮುಗಿಯಿತು. ಒಳಗೆ ಕೇಳಲೆಂದು "ಬಾಯಾರs, ಉಡಿ ತುಂಬಾಕ ಬಂದಾರ" ಎಂದು ಕೂಗಿದೆ. ಪರದೆ ಸರಿಯುವಷ್ಟರಲ್ಲಿ ಕಾಕಾ, ಅತಿಥಿಗಳಿಗೆ ಹೊದಿಸಲೆಂದು ಇಟ್ಟಿದ್ದ ಶಾಲನ್ನು ತಲೆಯ ಮೇಲಿಂದ ಎಳೆದುಕೊಂಡು, ಗೋಡೆಗೆ ಮುಖ ಮಾಡಿ ಕೂತಿದ್ದರು. ಅಲ್ಲಿ ಬೆಳಕೂ ಅಷ್ಟಕ್ಕಷ್ಟೆ.

"ಛಲೋ ಹಾಡಿದಿ ನಮ್ಮವ್ವಾ" ಎಂದು ನಿರ್ಮಲಾಬಾಯಿ ಪಕ್ಕದಲ್ಲಿ ಮೊಣಕಾಲೂರಿದರು. ಕಾಕಾ ಶಾಲಿನ ತುದಿಯನ್ನು ಎರಡೂ ಕೈಯಿಂದ ಒಡ್ಡಿದರು. ಖಣ, ಕಾಯಿ, ಮೂರು ಬೊಗಸೆ ಅಕ್ಕಿ ಅದರಲ್ಲಿ ಬಿದ್ದವು. ಕುಂಕುಮದ ಬೆರಳು ಶಾಲಿನೊಳಗೆ ಹೋದಾಗ ಕಾಕಾ ಮುಖ ಪಕ್ಕಕ್ಕೆ ಹೊರಳಿಸಿದರು. ಆಕೆ ಕೈ ಹಿಂತೆಗೆದುಕೊಂಡು, ಒಂದು ಗಳಿಗೆ ಹಾಗೇ ಇದ್ದು, ಎದ್ದರು. "ಸುಖವಾಗಿರು" ಅಂದು ನನ್ನ ಕಡೆ ನೋಡದೆ ಇಳಿದುಹೋದರು.

ಬೇರೆ ಯಾವತ್ತಾದರೂ ಆಗಿದ್ದರೆ ಇದನ್ನು ನಾನು ವರ್ಷಗಟ್ಟಲೆ ಆಡಿ ತೋರಿಸಿ ಹೊಟ್ಟೆ ಹೊರೆಯುತ್ತಿದ್ದೆ. ಅಲ್ಲಿ ನಿಂತಾಗ ನನಗೆ ಕಾಕಾನ ಕಡೆ ನೋಡಲೂ ಆಗಲಿಲ್ಲ. ಅವರು ಶಾಲು ತೆಗೆಯಲೇ ಇಲ್ಲ.

ತಿರುಗಿ ಬರುವಾಗ ಮೆಟಾಡೋರಿನಲ್ಲಿ ಆ ಕಾಯಿ ಅವರ ತೊಡೆಯ ಮೇಲಿತ್ತು. "ಅದನ್ನ ನಾ ಅಡಿಗಿಗೆ ಹಾಕೂದಿಲ್ಲ" ಅಂದರು ಕಾಕು, ಕಿಟಕಿಯ ಕಡೆ ಮುಖ ಮಾಡಿ. "ಬ್ಯಾಡ" ಅಂದರು ಕಾಕಾ. ಬಹಳ ದೂರ ಹೋದ ಮೇಲೆ, ಅವರಿಗೆ ಸಾಧ್ಯವಿದ್ದಷ್ಟು ಸಣ್ಣ ದನಿಯಲ್ಲಿ ನನಗೆ ಹೇಳಿದರು: "ಮೀಸಿ ತೋರಿಸಿ ಹಾಡಿದಾಗ ಮಂದಿ ನಕ್ಕರ ನಾ ಎಂದೂ ನಾಚಿಲ್ಲೋ. ಇವತ್ತ ಒಬ್ಬರೂ ನಗಲಿಲ್ಲ ನೋಡು."

ವಾರದೊಳಗೆ 'ಹೂಂ' ಬಂತು. ಮದುವೆ ಸಾಂಗವಾಗಿ ಆಯಿತು. ತಾಳಿ ಬಿದ್ದ ಮೇಲೂ ಕಾಕಾ ಹಾಡಲಿಲ್ಲ. ನಿಶ್ಚಯಿಸಿದ ಅವಧಿ ಮುಗಿಯಿತಲ್ಲ ಎಂದು ನಾನು ಚೇಷ್ಟೆ ಮಾಡಿದರೆ, ಹಾರ್ಮೋನಿಯಂ ಸಾಕಾಗಿದೆ ಅನ್ನುತ್ತಿದ್ದರು. ನಿರ್ಮಲಾಬಾಯಿ ಮಾತ್ರ ಬಿಡುತ್ತಿರಲಿಲ್ಲ. ಮದುವೆಯಲ್ಲಿ, ದೀಪಾವಳಿಯಲ್ಲಿ, ಬಸುರಿ ವಿದ್ಯಾಳ ಕುಪ್ಪಸದ ಕಾರ್ಯದಲ್ಲಿ, ಎಲ್ಲರ ಮುಂದೆ ಕೇಳುತ್ತಿದ್ದರು: "ಗುರುನಾಥರಾವ್, ಆ ಬಾಯಿ ಎಲ್ಲಿದ್ದಾಳ? ಕರಸ್ರೀ ಒಮ್ಮೆ." ಕಾಕು ತಟ್ಟನೆ ಒಳಗೆ ಹೋಗುತ್ತಿದ್ದರು. ಕಾಕಾ ನೆಲ ನೋಡುತ್ತ, "ಆಕಿ ಊರು ಬಿಟ್ಟಳ್ರೀ" ಅನ್ನುತ್ತಿದ್ದರು.

ಕಡೆಯ ಸಲ ಅವರನ್ನು ನೋಡಿದ್ದು ನಾಸಿಕದ ಆಸ್ಪತ್ರೆಯಲ್ಲಿ. ಎದೆಯಲ್ಲಿ ಕಫ ಕಟ್ಟಿ, ಕಾರ್ಖಾನೆಯ ಧ್ವನಿಯೂ ಹೋಗಿತ್ತು. ನಾನು ಡಾಕ್ಟರನ್ನು ಆಡಿ ತೋರಿಸಿದೆ. ನಕ್ಕು, ಕೆಮ್ಮಿ, ಹೋಗೆಂದು ಕೈ ಬೀಸಿದರು. ನಾಲ್ಕು ದಿನಕ್ಕೆ ಸುದ್ದಿ ಬಂತು.

ಕಾಕಾನ ದಿನಕರ್ಮದ ಊಟಕ್ಕೆ ಓಝರಿನ ಮನೆಯಲ್ಲಿ ಬೀಗರೆಲ್ಲ ಸೇರಿದ್ದರು. ಊಟವಾದ ಮೇಲೆ ಹೆಂಗಸರ ನಡುವೆ ಕೂತು ನಿರ್ಮಲಾಬಾಯಿ ಯಾರನ್ನೂ ಉದ್ದೇಶಿಸದೆ ಅಂದರು: "ಕುಂಕುಮ ಹಚ್ಚಾಕ ಹೋದಾಗ ನನ್ನ ಬೆರಳಿಗೆ ಮೀಸಿ ತಾಗಿತ್ತು."

ಎಲೆ ಎತ್ತುತ್ತಿದ್ದ ನಾನು ಅಲ್ಲೇ ನಿಂತೆ.

"ಅವರ ಹೇಳ್ಲಿ ಅಂತ ಕಾದೆ. ನಾ ಹೇಳಿದ್ರ ಅವರಿಗೆ ಅವಮಾನ ಆದೀತು. ಅದಕ್ಕ ಹೋದಲ್ಲಿ ಬಂದಲ್ಲಿ ಕೇಳೂದು. ಪ್ರತಿ ಸಲ ಅವರು ಆಕಿನ್ನ ಊರು ಬಿಡಿಸಿಬಿಡತಿದ್ರು."

ಕಾಕುನ ಮುಖ ಬಿಳಿಚಿಕೊಂಡಿತು. "ಗೊತ್ತಿದ್ದೂ ನಮ್ಮ ಹುಡುಗಿನ್ನ ಮಾಡಿಕೊಂಡ್ರಿ?"

"ಗೊತ್ತಾದ ಮ್ಯಾಲೇ ಹೂಂ ಅಂದದ್ದರೀ. ಅಲ್ಲೀತನಾ ನಮ್ಮವರು ಧುಳೆ ಕಡೆ ಇನ್ನೊಂದು ಹುಡುಗಿ ನೋಡೂಣು ಅಂತಿದ್ರು. ಇಂಥಾ ಹಾಡು ಇರೂ ಮನಿ ಬಿಟ್ಟು ಎಲ್ಲಿ ಹೋಗ್ತೀರಿ ಅಂತ ನಾನೇ ಹಟಾ ಹಿಡಿದೆ."

ವಿದ್ಯಾ ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಕಾಕು ನೆಲಕ್ಕೆ ಚೆಲ್ಲಿದ್ದ ಅನ್ನದ ಅಗುಳನ್ನು ಒಂದೊಂದೇ ಆರಿಸತೊಡಗಿದರು. ತಲೆ ಎತ್ತದೆಯೇ ಕೇಳಿದರು: "ಯಾವ ಹಾಡಿಗೆ ಎದ್ದು ಹೋದ್ರಿ ನೀವು, ಉಡಿ ತರಾಕ?"

"ತೊಟ್ಟಿಲ ಹಾಡಿಗೆ."

"ಅದು ನಾ ಕಲಿಸಿದ್ದು" ಅಂದರು ಶಾಂತಾ ಕಾಕು.