ಹೆಬ್ಬಾತು ಬರುವ ಮುನ್ನ

ವೈರ್‌ಲೆಸ್ ಗೊರಗೊರ ಎಂದಿತು. "...ಗಾಳಿ ತಿರುಗಿದೆ... ಏನೂ ಕಾಣ್ತಿಲ್ಲ..." ಮಗ ವಸೀಲಿಯ ದನಿ. ಆಮೇಲೆ ಬರೀ ಗೊರಗೊರ.

ಓಲಿಂಕಾ ತೊಳೆಯುತ್ತಿದ್ದ ಮರದ ತುಂಡನ್ನು ತಟ್ಟೆಯಲ್ಲಿಟ್ಟಳು. ಬೇರಿಂಗ್ ಕಡಲ ದಂಡೆಯಲ್ಲಿ ಯೂಪಿಕ್ ಬುಡಕಟ್ಟಿನವರ ಆ ಊರಿನ ಸಣ್ಣ ಮ್ಯೂಸಿಯಮ್ಮಿನಲ್ಲಿ ಅವಳದು ಹನ್ನೆರಡು ವರ್ಷದ ಕೆಲಸ. ಹಿರಿಯರ ಕಾಲದ, ಈಗ ಕಡಲಲೆ ಕೊರೆದು ಹಾಕುತ್ತಿದ್ದ ಮಣ್ಣುಮನೆಗಳಿಂದ ಬೇಸಿಗೆಯಲ್ಲಿ ಅಗೆದು ತಂದದ್ದನ್ನು ಚಳಿಗಾಲವಿಡೀ ತೊಳೆದು, ಒರೆಸಿ, ನಂಬರ್ ಬರೆಯುವುದು. ಕಣ್ಣು ಮುಚ್ಚಿ ಮುಟ್ಟಿದರೂ ಇದು ದೋಣಿಯ ಪಕ್ಕೆ, ಇದು ಈಟಿಯ ಹಿಡಿ ಎಂದುಬಿಡುವಳು. ಅಗೆಯಲು ಬಂದ ಓದಿದವರೂ ಕೊನೆಗೆ ಅವಳನ್ನೇ ಕೇಳುತ್ತಿದ್ದರು.

ಏಪ್ರಿಲ್ ಮುಗಿಯುತ್ತ ಬಂದಿದ್ದರೂ ಕಿಟಕಿಯಾಚೆ ಹಿಮ ಅಡ್ಡಡ್ಡ ಹೊಡೆಯುತ್ತಿತ್ತು. ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು. ಅದನ್ನು ನಂಬಿಯೇ ವಸೀಲಿ ಸೀಲ್ ಬೇಟೆಗೆಂದು ಕಡಲ ಮಂಜುಗಡ್ಡೆಯ ಅಂಚಿಗೆ ಹೋಗಿದ್ದ.

ನಾದಿನಿ ಅಗಾಫಿಯಾ ಮೈಮೇಲಿನ ಹಿಮ ಕೊಡವುತ್ತ ಒಳಬಂದಳು. "ಅಯ್ಯಪ್ಪಾ! ಯಾವಳೇ ಅವಳು, ಹೆಬ್ಬಾತು ಬರೋಕ್ ಮುಂಚೆ ಗೊಂಬೆ ಹೊರಗೆ ತಂದೋಳು? ಚಳಿಗಾಲ ಮತ್ತೆ ವಾಪಸ್ ಬಂತಲ್ಲ!"

ವಸಂತದಲ್ಲಿ ಹೆಬ್ಬಾತು ಮರಳುವ ಮುನ್ನ ಗೊಂಬೆ ಮನೆಯಾಚೆ ಬಂದರೆ ಚಳಿಗಾಲ ತಿರುಗಿ ಬರುತ್ತದೆಂಬುದು ಹಿರಿಯರ ನಂಬಿಕೆ; ಈಗ ಊರವರೆಲ್ಲ ಆಡುವ ತಮಾಷೆ. ಓಲಿಂಕಾ ನಗಲಿಲ್ಲ.

"ನಾನೇ ಕಣೇ."

"ಏನಂದೆ?"

"ಸಾವಿರದ ನೂರ ನಲವತ್ತಾರು." ಕಪಾಟಿನಿಂದ ತೆಗೆದು ತೋರಿಸಿದಳು. ಬೆರಳುದ್ದದ ಮರ. ಎರಡು ಚುಕ್ಕಿ ಕಣ್ಣು, ಕೆಳಕ್ಕೆ ಬಾಗಿದ ಬಾಯಿ. "ಬಿಸಿಲಲ್ಲಿ ಫೋಟೋ ಚೆನ್ನಾಗ್ ಬರುತ್ತೆ ಅಂತ ಆ ಅಗೆಯೋರು ಹೇಳಿದ್ರು. ಬೆಳಿಗ್ಗೆ ಹೊರಗೆ ಮೆಟ್ಟಿಲ ಮೇಲಿಟ್ಟೆ. ನಂಬರ್ ನೋಡಿದ್ನೇ ಹೊರತು ಮುಖ ನೋಡ್ಲಿಲ್ಲ. ಗೊಂಬೆ ಅನ್ನೋದೇ ಮರ್ತೋಯ್ತು."

ಆರು ವರ್ಷದವಳಿದ್ದಾಗ, ಗೊಂಬೆ ಹಿಡಿದು ಹೊಸ್ತಿಲ ಬಳಿ ನಿಂತಿದ್ದಕ್ಕೇ ಅಜ್ಜಿ ರಟ್ಟೆ ಹಿಡಿದು ಒಳಗೆಳೆದಿದ್ದಳು. ಆ ಬೆರಳ ಬಿಗಿ ಈಗಲೂ ತೋಳಲ್ಲಿದ್ದಂತಿತ್ತು.

ಅಗಾಫಿಯಾಳ ನಗು ಇಂಗಿತು. "ಎಷ್ಟೊತ್ತು ಇಟ್ಟಿದ್ದೆ?"

"ಒಂದು ಲೋಟ ಟೀ ಕುಡಿಯೋಷ್ಟು."

"ಅಷ್ಟೇ ತಾನೆ? ವಸೀಲಿ ಅವರಪ್ಪ, ನಮ್ಮಣ್ಣನ ಥರ ದುಡುಕೋನಲ್ಲ ಬಿಡು. ಎಲ್ಲೋ ಮರೆ ನೋಡ್ಕೊಂಡು ಕೂತಿರ್ತಾನೆ..." ಅವಳ ದನಿಗೇ ಅವಳ ಮಾತಿನ ಮೇಲೆ ನಂಬಿಕೆಯಿರಲಿಲ್ಲ.

ವೈರ್‌ಲೆಸ್ ಮತ್ತೆ ಕೆಮ್ಮಿತು. "...ಅಮ್ಮಾ... ಕೇಳಿಸ್ತಿದ್ಯಾ... ತಲೆ ಮೇಲೆ ಹೆಬ್ಬಾತು... ಕಾಣ್ತಿಲ್ಲ, ಕೂಗು ಮಾತ್ರ... ದಡದ ಕಡೆಗೇ ಹೋಗ್ತಿರ್ಬೇಕು... ಅದರ ಹಿಂದೇನೇ ಬರ್ತಿ..." ಗೊರಗೊರ.

"ಕೇಳಿದ್ಯಾ? ಬಂದ್ವು!" ಅಗಾಫಿಯಾ ಗೊಂಬೆಯನ್ನು ಎದೆಗವಚಿಕೊಂಡಳು. "ಇನ್ನು ಇವಳನ್ನ ಧಾರಾಳವಾಗಿ ಹೊರಗೆ... ಅತ್ತಿಗೇ, ಟೋಪಿನಾದ್ರೂ ಹಾಕ್ಕೋ, ಎಲ್ಲಿಗೆ ಹಿಂಗೆ..."

ಓಲಿಂಕಾ ಆಗಲೇ ಮೆಟ್ಟಿಲಿಳಿದು, ಕಿವಿಯನ್ನು ಬಿಳಿಯ ಆಕಾಶಕ್ಕೆ ಕೊಟ್ಟು, ದಂಡೆಯತ್ತ ನಡೆಯುತ್ತಿದ್ದಳು.